ರಿಪೀಟರ್ ಆಡಿಯೋ ಮಂದ, ಟ್ರಾನ್ಸ್‌ಮಿಟ್ ಆದ ಕೂಡಲೇ ಗುಂಯ್ ಶಬ್ದ: ಎಲ್ಲಿಂದ ಹುಡುಕಬೇಕು?

ಕುಂದಾನಗರಿ_2ಮೀಟರ್
ಎಲ್ಲರಿಗೂ ನಮಸ್ಕಾರ. ಬೆಳಗಾವಿ ಹತ್ತಿರದ ಗುಡ್ಡದ ಮೇಲೆ ನಾವು ಹ್ಯಾಮ್ ರೇಡಿಯೋ ಗೆಳೆಯರು ಸೇರಿ ನಡೆಸುವ 2 ಮೀಟರ್ ಬ್ಯಾಂಡಿನ ರಿಪೀಟರ್ ಇದೆ, ಅಂದರೆ ಒಂದು ಆವರ್ತನದಲ್ಲಿ ಬಂದ ಮಾತನ್ನು ಇನ್ನೊಂದರಲ್ಲಿ ಮತ್ತೆ ಕಳಿಸುವ ಸ್ಟೇಷನ್. ಅದರ ಆಡಿಯೋ ತಲೆ ತಿನ್ನುತ್ತಿದೆ, ಸಹಾಯ ಬೇಕು.

ಸೆಟಪ್ ಹೀಗಿದೆ. ಎರಡು ಹಳೆಯ ಮೋಟೊರೋಲಾ ಜಿಎಂ300 ಸೆಟ್, ಒಂದು ರಿಸೀವ್‌ಗೆ, ಇನ್ನೊಂದು ಟ್ರಾನ್ಸ್‌ಮಿಟ್‌ಗೆ. ನಡುವೆ ಕಂಟ್ರೋಲರ್ ಬೋರ್ಡ್. 600 ಕಿಲೋಹರ್ಟ್ಸ್ ಆಫ್‌ಸೆಟ್ (ಬರುವ, ಹೋಗುವ ಆವರ್ತನಗಳ ಅಂತರ), ಆರು ಕ್ಯಾವಿಟಿಯ ಡ್ಯೂಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಅವೆರಡನ್ನೂ ಬೇರೆ ಇಡುವ ಫಿಲ್ಟರ್), ಒಂದೇ ಆಂಟೆನಾ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಪವರ್ ಸಪ್ಲೈ, ಅದಕ್ಕೆ ಪ್ಯಾರಲಲ್ ಆಗಿ 12 ವೋಲ್ಟ್ ಬ್ಯಾಟರಿ. ರಿಸೀವರ್ ಹಿಂದಿನ 16 ಪಿನ್ ಕನೆಕ್ಟರಿನ 11ನೇ ಪಿನ್‌ನಿಂದ ಆಡಿಯೋ ಹೊರಗೆ ಬರುತ್ತದೆ, ಬೋರ್ಡ್ ದಾಟಿ ಟ್ರಾನ್ಸ್‌ಮಿಟರಿನ 5ನೇ ಪಿನ್‌ಗೆ ಹೋಗುತ್ತದೆ. ಸೆಟ್ ಎರಡೂ ಸೆಕೆಂಡ್ ಹ್ಯಾಂಡ್, ಬಂದ ಮೇಲೆ ಒಳಗೆ ಬಿಚ್ಚಿಲ್ಲ.

ತೊಂದರೆ ಎರಡು. ಒಂದು, ಮಾತು ಕಂಬಳಿ ಹೊದ್ದುಕೊಂಡು ಆಡಿದ ಹಾಗೆ ಕೇಳುತ್ತದೆ. ಸ, ಶ, ಚ ಮೂರೂ ಮಾಯ. ಗೋಕಾಕದಿಂದ ಒಬ್ಬರು "ಸವದತ್ತಿ" ಅಂದರೆ ಇಲ್ಲಿ "ಅವದತ್ತಿ" ಅಂತ ಬರುತ್ತದೆ. ಬೋರ್ಡಿನ ಲೆವೆಲ್ ಪಾಟ್ (ಆಡಿಯೋ ಮಟ್ಟ ಹೊಂದಿಸುವ ತಿರುಪು) ಏರಿಸಿದರೆ ಬರೀ ದಪ್ಪ ಶಬ್ದ ಜಾಸ್ತಿ ಆಗುತ್ತದೆ, ಸ್ಪಷ್ಟ ಆಗುವುದಿಲ್ಲ. ಎರಡು, ಟ್ರಾನ್ಸ್‌ಮಿಟರ್ ಮೇಲೆದ್ದ (ಆನ್ ಆದ) ಕೂಡಲೇ ಹಿಂದೆ ಗುಂಯ್ ಅಂತ ಒಂದೇ ಸಮನೆ ಶಬ್ದ. ಯಾರೂ ಮಾತಾಡದಿದ್ದರೂ ಇರುತ್ತದೆ.

ಗಮನಿಸಿ, ರಿಸೀವ್ ಸೆಟ್ಟಿನ ಸ್ವಂತ ಸ್ಪೀಕರಿನಲ್ಲಿ ಅದೇ ಮಾತು ಚೊಕ್ಕ ಇರುತ್ತದೆ.

ಮಳೆಗಾಲಕ್ಕೆ ಮುಂಚೆ ಇದು ಸರಿ ಆಗಲೇಬೇಕು. 2019ರ ಆಗಸ್ಟ್ ಕಂಡವರಿಗೆ ಹೇಳಬೇಕಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದಾಗ ಒಂದು ಊರಿನ ಹೆಸರು ಇನ್ನೊಂದರ ಹಾಗೆ ಕೇಳಬಾರದು.

ಗುಮ್ಮಟ_ಎಫ್‌ಎಂ
ಸ್ಪೀಕರಿನಲ್ಲಿ ಚೊಕ್ಕ ಇದೆ ಅಂದ ಮೇಲೆ ಸ್ಪೀಕರ್ ಲೈನಿನಿಂದಲೇ ಆಡಿಯೋ ತೆಗೆದುಕೊಳ್ಳಿ ಸರ್. ಒಂದು ವೈರ್ ಬೋರ್ಡ್ ಇನ್‌ಪುಟ್‌ಗೆ, ಇನ್ನೊಂದು ಗ್ರೌಂಡ್‌ಗೆ. ಹತ್ತು ನಿಮಿಷದ ಕೆಲಸ.

ಹಿಡಕಲ್_ಹಿನ್ನೀರು
ದಯವಿಟ್ಟು ಹಾಗೆ ಮಾಡಬೇಡಿ! ಜಿಎಂ300ರ ಸ್ಪೀಕರ್ ಔಟ್‌ಪುಟ್ ಬ್ರಿಜ್ ಮಾದರಿಯದು. ಸ್ಪೀಕರಿನ ಎರಡೂ ವೈರ್‌ಗಳಲ್ಲಿ ಗ್ರೌಂಡಿಗೆ ಹೋಲಿಸಿದರೆ ಡಿಸಿ ವೋಲ್ಟೇಜ್ ಇರುತ್ತದೆ, ಸಪ್ಲೈನ ಅರ್ಧದಷ್ಟು. ಅದರಲ್ಲಿ ಒಂದನ್ನು ಗ್ರೌಂಡಿಗೆ ಮುಟ್ಟಿಸಿದರೆ ಆಡಿಯೋ ಐಸಿ ಹೋಗುತ್ತದೆ. ಮೊಬೈಲ್ ಸೆಟ್‌ಗಳಲ್ಲಿ ಬಹಳಷ್ಟು ಹೀಗೇ ಇವೆ. ಸ್ಪೀಕರಿನಿಂದ ತೆಗೆಯಲೇಬೇಕು ಅಂದರೆ ನಡುವೆ ಆಡಿಯೋ ಟ್ರಾನ್ಸ್‌ಫಾರ್ಮರ್ ಬೇಕು. ಅಷ್ಟು ಮಾಡಿದರೂ ಯಾರಾದರೂ ಬಂದು ವಾಲ್ಯೂಮ್ ನಾಬ್ ತಿರುಗಿಸಿದರೆ ರಿಪೀಟರಿನ ಲೆವೆಲ್ಲೇ ಬದಲಾಗುತ್ತದೆ. ಗುಡ್ಡದ ಮೇಲಿನ ಸೆಟ್ಟಿಗೆ ಅದು ಬೇಡ.

ಇನ್ನೊಂದು ಮಾತು. ಹಿಂದಿನ ಪ್ಲಗ್ ಬಿಚ್ಚಿದರೆ ಸೆಟ್ಟಿನ ಒಳ ಸ್ಪೀಕರ್ ಸುಮ್ಮನಾಗುತ್ತದೆ, ಯಾಕೆಂದರೆ 15 ಮತ್ತು 16ನೇ ಪಿನ್ ನಡುವಿನ ಜಂಪರ್ ಆ ಪ್ಲಗ್ಗಿನಲ್ಲೇ ಇರುತ್ತದೆ. ಅದನ್ನು ನೋಡಿ ಸೆಟ್ ಕೆಟ್ಟಿತು ಅಂತ ಗಾಬರಿ ಆಗಬೇಡಿ.

ಗುಮ್ಮಟ_ಎಫ್‌ಎಂ
ಇದು ಗೊತ್ತಿರಲಿಲ್ಲ ಸರ್. ನಮ್ಮ ವಿಜಯಪುರದ ಸೆಟ್ಟಿನಲ್ಲಿ ಸ್ಪೀಕರ್ ಒಂದು ಕಡೆ ಗ್ರೌಂಡೇ ಇತ್ತು, ಅದು ಬೇರೆ ಕಂಪನಿಯ ಸೆಟ್. ಎಚ್ಚರಿಸಿದ್ದಕ್ಕೆ ಥ್ಯಾಂಕ್ಸ್.

ವಿದ್ಯಾಗಿರಿ_ಲ್ಯಾಬ್
ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ, ಲ್ಯಾಬಿನಲ್ಲಿ ಕೆಲಸ. ಕುಂದಾನಗರಿಯವರ ಮೊದಲ ತೊಂದರೆಗೆ ಕಾರಣ ಅವರು ಕೊಟ್ಟ ಪಿನ್ ನಂಬರ್‌ಗಳಲ್ಲೇ ಇದೆ ಅನಿಸುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಎಫ್‌ಎಂ ಸೆಟ್‌ಗಳು ಮಾತನ್ನು ಇದ್ದ ಹಾಗೇ ಕಳಿಸುವುದಿಲ್ಲ. ಕಳಿಸುವ ಮುಂಚೆ ಹೆಚ್ಚಿನ ಆವರ್ತನಗಳನ್ನು ಎತ್ತುತ್ತವೆ, ಆಕ್ಟೇವಿಗೆ 6 ಡೆಸಿಬೆಲ್ ಲೆಕ್ಕದಲ್ಲಿ. ಇದು ಪ್ರಿ-ಎಂಫಸಿಸ್. ಕೇಳುವ ಸೆಟ್ ಅಷ್ಟನ್ನೇ ಇಳಿಸುತ್ತದೆ, ಅದು ಡಿ-ಎಂಫಸಿಸ್. ಒಂದು ಸಲ ಎತ್ತಿ ಒಂದು ಸಲ ಇಳಿಸಿದರೆ ಮಾತು ಸಹಜವಾಗಿರುತ್ತದೆ. ರಿಪೀಟರ್ ನಡುವೆ ಬಂದಾಗ ಅದು ಈ ಲೆಕ್ಕ ಕೆಡಿಸಬಾರದು. ಒಂದೋ ಬಂದದ್ದನ್ನು ಮುಟ್ಟದೆ ಹಾಗೇ ದಾಟಿಸಬೇಕು, ಇಲ್ಲವೇ ಇಳಿಸಿ, ಮತ್ತೆ ಎತ್ತಿ ಕಳಿಸಬೇಕು.

ಈಗ ನಿಮ್ಮ ವೈರಿಂಗ್. 5ನೇ ಪಿನ್ ಫ್ಲ್ಯಾಟ್ ಇನ್‌ಪುಟ್, ಅಲ್ಲಿ ಕೊಟ್ಟ ಆಡಿಯೋಗೆ ಪ್ರಿ-ಎಂಫಸಿಸ್ ಸಿಗುವುದಿಲ್ಲ. 11ನೇ ಪಿನ್ ಮಾತ್ರ ಎರಡು ಬಗೆ ಆಗಬಹುದು. ಸೆಟ್ಟಿನ ಒಳಗೆ ಜೆಯು551 ಅಂತ ಒಂದು ಜಂಪರ್ ಇದೆ. ಅದು ಒಂದು ಕಡೆ ಇದ್ದರೆ 11ರಲ್ಲಿ ಡಿಸ್ಕ್ರಿಮಿನೇಟರಿನ (ಸಿಗ್ನಲ್‌ನಿಂದ ಆಡಿಯೋ ಬೇರೆ ಮಾಡುವ ಭಾಗ) ಕಚ್ಚಾ, ಅಂದರೆ ಇಳಿಸದ ಫ್ಲ್ಯಾಟ್ ಆಡಿಯೋ ಬರುತ್ತದೆ. ಇನ್ನೊಂದು ಕಡೆ ಇದ್ದರೆ ಡಿ-ಎಂಫಸಿಸ್ ಆಗಿ, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ನಾಯ್ಸ್ ತಡೆಯುವ ಬಾಗಿಲು) ಮುಚ್ಚಿದಾಗ ಮ್ಯೂಟ್ ಕೂಡ ಆಗುವ ಆಡಿಯೋ ಬರುತ್ತದೆ. ನಿಮ್ಮಲ್ಲಿ ಎರಡನೆಯದು ಇದೆ ಅಂತ ನನ್ನ ಊಹೆ. ಹಾಗಿದ್ದರೆ ರಿಪೀಟರಿನಲ್ಲಿ ಒಮ್ಮೆ ಇಳಿಯಿತು, ಎತ್ತುವವರು ಯಾರೂ ಇಲ್ಲ, ಕೇಳುವವರ ಹ್ಯಾಂಡಿಯಲ್ಲಿ (ಕೈಯಲ್ಲಿ ಹಿಡಿಯುವ ಸೆಟ್) ಮತ್ತೊಮ್ಮೆ ಇಳಿಯಿತು. 300 ಹರ್ಟ್ಸ್‌ನಿಂದ 3000 ಹರ್ಟ್ಸ್‌ವರೆಗೆ ಮೂರು ಆಕ್ಟೇವಿಗೂ ಜಾಸ್ತಿ. ಅಂದರೆ 3000ದ ಹತ್ತಿರದ ಸ, ಶ ಶಬ್ದಗಳು 300ರ ಎದುರು 20 ಡೆಸಿಬೆಲ್ ಕೆಳಗೆ ಬಿದ್ದಿವೆ. ವೋಲ್ಟೇಜಿನಲ್ಲಿ ಹತ್ತನೇ ಒಂದು ಭಾಗ. ಪಾಟ್ ಎಷ್ಟು ತಿರುಗಿಸಿದರೂ ಈ ವ್ಯತ್ಯಾಸ ಹಾಗೇ ಉಳಿಯುತ್ತದೆ, ಎರಡೂ ಒಟ್ಟಿಗೆ ಏರುತ್ತವೆ ಅಷ್ಟೇ.

ಒಂದು ಸುಲಭ ಪರೀಕ್ಷೆ ಇದೆ. ರಿಸೀವರಿಗೆ ಆಂಟೆನಾ ಬಿಚ್ಚಿ, ಯಾರೂ ಮಾತಾಡದಿರುವಾಗ 11ನೇ ಪಿನ್‌ನಲ್ಲಿ ಕೇಳಿ. ಬುಸ್ ಅಂತ ಜೋರು ನಾಯ್ಸ್ ಸದಾ ಇದ್ದರೆ ಫ್ಲ್ಯಾಟ್. ಪೂರ್ತಿ ಸುಮ್ಮನಿದ್ದರೆ ಮ್ಯೂಟ್ ಆದ, ಇಳಿಸಿದ ಆಡಿಯೋ.

ಕುಂದಾನಗರಿ_2ಮೀಟರ್
ಮೇಡಂ, ಬಹಳ ಉಪಕಾರ. ಆದರೆ ಆ ಪಿನ್‌ನಲ್ಲಿ ಕೇಳುವುದು ಹೇಗೆ? ನಮ್ಮ ಹತ್ತಿರ ಸ್ಕೋಪ್ ಇಲ್ಲ. ಹಳದಿ ಮಲ್ಟಿಮೀಟರ್ ಇದೆ, ಎಸಿಯಲ್ಲಿ ಇಟ್ಟರೆ ಸೊನ್ನೆಯೇ ತೋರಿಸುತ್ತದೆ.

ಹಿಡಕಲ್_ಹಿನ್ನೀರು
ಆ ಡಿಟಿ830 ಜಾತಿಯ ಮೀಟರಿನಲ್ಲಿ ಎಸಿಗೆ 200 ವೋಲ್ಟ್ ಮತ್ತು 750 ವೋಲ್ಟ್ ಎರಡೇ ರೇಂಜ್. ಮಿಲಿವೋಲ್ಟ್ ಆಡಿಯೋ ಅದರಲ್ಲಿ ಕಾಣುವುದೇ ಇಲ್ಲ ತಮ್ಮಾ, ಸೊನ್ನೆ ತೋರಿಸಿತು ಅಂತ ಲೈನ್ ಸತ್ತಿದೆ ಅಂದುಕೊಳ್ಳಬೇಡ. ಎಲ್‌ಎಂ386 ಐಸಿ ಇರುವ ಚಿಕ್ಕ ಆಂಪ್ಲಿಫೈಯರ್ ಬೋರ್ಡ್ ಸಿಗುತ್ತದೆ, ಒಂದು 9 ವೋಲ್ಟ್ ಬ್ಯಾಟರಿ, ಒಂದು ಚಿಕ್ಕ ಸ್ಪೀಕರ್. ಇನ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಹಾಕಿ ಅದರ ತುದಿಗೆ ಸೂಜಿಯಂಥ ಪ್ರೋಬ್. ಗ್ರೌಂಡಿಗೆ ಕ್ಲಿಪ್. ಇಷ್ಟಾದರೆ 11ನೇ ಪಿನ್, ಬೋರ್ಡಿನ ಇನ್‌ಪುಟ್, ಬೋರ್ಡಿನ ಔಟ್‌ಪುಟ್, ಟ್ರಾನ್ಸ್‌ಮಿಟರಿನ ಪಿನ್ ಅಂತ ಒಂದೊಂದೇ ಜಾಗ ಮುಟ್ಟುತ್ತಾ ಕಿವಿಯಿಂದಲೇ ಹುಡುಕಬಹುದು. ಚೊಕ್ಕ ಇದ್ದದ್ದು ಎಲ್ಲಿ ಕೆಡುತ್ತದೋ ಆ ಜಾಗ ಮತ್ತು ಅದರ ಹಿಂದಿನ ಜಾಗದ ನಡುವೆಯೇ ತಪ್ಪು ಇರುತ್ತದೆ. ಪಾಟ್ ಮಾತ್ರ ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಎಲ್ಲರೂ ಗುಡ್ಡ ಹತ್ತಿದ ಕೂಡಲೇ ಮೊದಲು ಮಾಡುವುದೇ ಪಾಟ್ ತಿರುಗಿಸುವುದು, ಆಮೇಲೆ ಮೂಲ ಲೆವೆಲ್ ಎಷ್ಟಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಗುಂಯ್ ಶಬ್ದದ ಬಗ್ಗೆ ಒಂದು ಪ್ರಶ್ನೆ. ಕರೆಂಟ್ ಹೋಗಿ ಬರೀ ಬ್ಯಾಟರಿ ಮೇಲೆ ಓಡುವಾಗ ಅದು ಇರುತ್ತದೆಯಾ?

ಕುಂದಾನಗರಿ_2ಮೀಟರ್
ಗುಡ್ಡಕ್ಕೆ ಹೋಗಿ ಬಂದೆವು. ನೀವು ಹೇಳಿದ ಎಲ್‌ಎಂ386 ಪ್ರೋಬ್ (ಟ್ರೇಸರ್) ಮಾಡಿಕೊಂಡೇ ಹೋಗಿದ್ದೆವು.

11ನೇ ಪಿನ್ ಪೂರ್ತಿ ಸುಮ್ಮನಿದೆ. ಸಿಗ್ನಲ್ ಬಂದಾಗ ಮಾತ್ರ ಮಾತು ಕೇಳುತ್ತದೆ, ಅದೂ ಚೊಕ್ಕ. ಮೇಡಂ ಹೇಳಿದ್ದೇ ಖರೆ. ಬೋರ್ಡ್ ದಾಟಿದ ಮೇಲೂ ಅದೇ ಚೊಕ್ಕ ಮಾತು. ಅಂದರೆ ಬೋರ್ಡಿನದು ತಪ್ಪಿಲ್ಲ.

ಮೇನ್ಸ್ ಆಫ್ ಮಾಡಿದೆವು. ಗುಂಯ್ ನಿಂತಿತು! ಆದರೆ ಟ್ರಾನ್ಸ್‌ಮಿಟರ್ ಏಳುವಾಗ ಮತ್ತು ಬೀಳುವಾಗ ಧಪ್ ಅಂತ ಒಂದು ಶಬ್ದ ಉಳಿದಿದೆ. ಆನ್ ಮಾಡಿದರೆ ಗುಂಯ್ ಮತ್ತೆ ಬರುತ್ತದೆ. ಸಪ್ಲೈ ಕೆಟ್ಟಿದೆಯಾ?

ಹಿಡಕಲ್_ಹಿನ್ನೀರು
ಸಪ್ಲೈ ಮೇಲೆ ಈಗಲೇ ಅನುಮಾನ ಬೇಡ. ಆ ಧಪ್ ಶಬ್ದವೇ ಕಾರಣ ಹೇಳುತ್ತಿದೆ. ಬೋರ್ಡಿಗೆ ಮೈನಸ್ ಎಲ್ಲಿಂದ ಬರುತ್ತದೆ? ಆಡಿಯೋ ಕೇಬಲ್ಲಿನ ಶೀಲ್ಡ್ ಎಷ್ಟು ಕಡೆ ಗ್ರೌಂಡಿಗೆ ಸೇರಿದೆ?

ಕುಂದಾನಗರಿ_2ಮೀಟರ್
ಬೋರ್ಡಿಗೆ ಪ್ಲಸ್ ಮೈನಸ್ ಎರಡೂ ರಿಸೀವ್ ಸೆಟ್ಟಿನ ಕಡೆಯಿಂದ. ಶೀಲ್ಡ್ ಎರಡೂ ತುದಿಯಲ್ಲಿ ಬೆಸುಗೆ ಆಗಿದೆ, ಎರಡೂ ಕೇಬಲ್ಲಿನಲ್ಲಿ. ಟ್ರಾನ್ಸ್‌ಮಿಟ್ ಸೆಟ್ಟಿಗೆ ಬ್ಯಾಟರಿಯಿಂದ 2.5 ಚದರ ಮಿಲಿಮೀಟರ್ ವೈರ್, ಸುಮಾರು ಎರಡು ಮೀಟರ್. 25 ವ್ಯಾಟಿಗೆ ಇಳಿಸಿ ಇಟ್ಟಿದ್ದೇವೆ, 8 ಆಂಪಿಯರ್ ಎಳೆಯುತ್ತದೆ.

ಹಿಡಕಲ್_ಹಿನ್ನೀರು
ಸಿಕ್ಕಿತು. ಲೆಕ್ಕ ನೋಡಿ. 2.5ರ ತಾಮ್ರದ ವೈರಿಗೆ ಮೀಟರಿಗೆ ಸುಮಾರು 7 ಮಿಲಿಓಮ್. ಎರಡು ಮೀಟರಿಗೆ 14. ಅದರಲ್ಲಿ 8 ಆಂಪಿಯರ್ ಹರಿದರೆ ಮೈನಸ್ ವೈರಿನಲ್ಲೇ 112 ಮಿಲಿವೋಲ್ಟ್ ಬೀಳುತ್ತದೆ. ಟರ್ಮಿನಲ್ ತುಕ್ಕು ಹಿಡಿದಿದ್ದರೆ ಇನ್ನೂ ಜಾಸ್ತಿ, ಬೆಳಗಾವಿ ಮಳೆಗೆ ಹಿಡಿಯದೆ ಇರುವುದಿಲ್ಲ. ಅಂದರೆ ಟ್ರಾನ್ಸ್‌ಮಿಟ್ ಸೆಟ್ಟಿನ ಗ್ರೌಂಡ್ ಬೋರ್ಡಿನ ಗ್ರೌಂಡಿಗಿಂತ ಅಷ್ಟು ಮೇಲೆ ಏಳುತ್ತದೆ. ನಿಮ್ಮ ಶೀಲ್ಡ್ ಆ ಎರಡು ಗ್ರೌಂಡ್‌ಗಳ ನಡುವೆ ಕೂತಿದೆ, ಹಾಗಾಗಿ ಸೆಟ್ಟಿನ ಕರೆಂಟಿನ ಒಂದು ಪಾಲು ಶೀಲ್ಡ್ ಮೂಲಕ ಹರಿಯುತ್ತದೆ. ಟ್ರಾನ್ಸ್‌ಮಿಟರಿನ ಇನ್‌ಪುಟ್‌ಗೆ ಬೇಕಾಗುವ ಮಾತಿನ ಲೆವೆಲ್ ಕೂಡ ಮಿಲಿವೋಲ್ಟ್‌ಗಳಲ್ಲೇ ಇರುತ್ತದೆ. ಮಾತಿನ ಎದುರು ಈ ಗ್ರೌಂಡ್ ವ್ಯತ್ಯಾಸ ಸಣ್ಣದೇನಲ್ಲ, ಅಲ್ವಾ?

ಬ್ಯಾಟರಿ ಮೇಲೆ ಆ ಕರೆಂಟ್ ಸಮನಾದ ಡಿಸಿ, ಆದ್ದರಿಂದ ಏಳುವಾಗ ಬೀಳುವಾಗ ಧಪ್ ಅಷ್ಟೇ. ಮೇನ್ಸ್ ಇದ್ದಾಗ ಸಪ್ಲೈನ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಅದರ ಮೇಲೆ ಕೂಡುತ್ತದೆ, 50 ಹರ್ಟ್ಸ್ ಫುಲ್ ವೇವ್ ಆಗಿ 100 ಹರ್ಟ್ಸ್. ಅದೇ ನಿಮ್ಮ ಗುಂಯ್. ಸಪ್ಲೈ ಬದಲಿಸಿದರೆ ಗುಂಯ್ ಕಡಿಮೆ ಆಗಬಹುದು, ಧಪ್ ಹೋಗುವುದಿಲ್ಲ.

ಮಾಡಬೇಕಾದದ್ದು: ಎರಡೂ ಸೆಟ್ ಮತ್ತು ಬೋರ್ಡ್, ಮೂರಕ್ಕೂ ಮೈನಸ್ ಬೇರೆ ಬೇರೆ ವೈರಿನಲ್ಲಿ ನೇರ ಬ್ಯಾಟರಿ ಟರ್ಮಿನಲ್ಲಿನ ಒಂದೇ ಬೋಲ್ಟಿಗೆ ಬರಲಿ. ಟ್ರಾನ್ಸ್‌ಮಿಟರಿಗೆ ದಪ್ಪ ವೈರ್ ಹಾಕಿ, 6 ಚದರ ಮಿಲಿಮೀಟರ್. ಶೀಲ್ಡ್ ಬೋರ್ಡಿನ ಕಡೆ ಮಾತ್ರ ಇರಲಿ, ಟ್ರಾನ್ಸ್‌ಮಿಟರ್ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿ. ಕತ್ತರಿಸಿದ ತುದಿಗೆ 600:600 ಓಮ್ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ, ಸೆಟ್ಟಿನ ಕಡೆಯ ಸುರುಳಿಯ ಗ್ರೌಂಡ್ ಸೆಟ್ಟಿನ 7ನೇ ಪಿನ್‌ಗೇ ಹೋಗಲಿ. ಹಳೆಯ ಡಯಲ್-ಅಪ್ ಮೋಡೆಮ್ ಒಳಗೆ ಇದೇ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಗುಜರಿ ಅಂಗಡಿಯಲ್ಲಿ ಕೇಳಿ.

ಗುಮ್ಮಟ_ಎಫ್‌ಎಂ
100 ಹರ್ಟ್ಸ್ ಅಂದದ್ದಕ್ಕೆ ನೆನಪಾಯಿತು. ನಮ್ಮಲ್ಲಿ ರಿಪೀಟರ್ ತೆರೆಯಲು ಮಾತಿನ ಕೆಳಗೆ ಕಳಿಸುವ ಟೋನ್ 100.0 ಹರ್ಟ್ಸ್ ಇಟ್ಟಿದ್ದರು, ಅದನ್ನು ಗುರುತಿಸುವ ಡಿಕೋಡರ್ ಬೇರೆ ಬೋರ್ಡಿನಲ್ಲಿತ್ತು. ಮಾತು ಮುಗಿದರೂ ರಿಪೀಟರ್ ಬೀಳುತ್ತಿರಲಿಲ್ಲ, ಕರೆಂಟ್ ಹೋದರೆ ಸರಿಯಾಗಿ ಬೀಳುತ್ತಿತ್ತು. ಹಮ್ (ಈ ಗುಂಯ್ ಶಬ್ದ) ಕೂಡ 100 ಹರ್ಟ್ಸ್ ಆದ್ದರಿಂದ ಡಿಕೋಡರ್ ಅದನ್ನೇ ಟೋನ್ ಅಂದುಕೊಂಡಿತ್ತು. 88.5ಕ್ಕೆ ಬದಲಿಸಿದ ಮೇಲೆ ಆ ಕಾಟ ಹೋಯಿತು. 50 ಹರ್ಟ್ಸ್ ಕರೆಂಟ್ ಇರುವ ನಮ್ಮ ದೇಶದಲ್ಲಿ 100.0 ಇಡದಿರುವುದೇ ಒಳ್ಳೆಯದು.

ವಿದ್ಯಾಗಿರಿ_ಲ್ಯಾಬ್
ಒಳ್ಳೆಯ ಮಾತು. ಹಾಗೆಂದು ಹಮ್ ಇರಲಿ ಬಿಡಿ, ಟೋನ್ ಬದಲಿಸೋಣ ಅನ್ನಬಾರದು. ಎರಡೂ ಆಗಬೇಕು.

ಕುಂದಾನಗರಿಯವರೇ, ಮಂದ ಧ್ವನಿಗೆ ಈಗ ಎರಡು ದಾರಿ ಇದೆ. ಜಂಪರ್ ಬದಲಿಸಿ 11ರಲ್ಲಿ ಫ್ಲ್ಯಾಟ್ ಆಡಿಯೋ ತೆಗೆದು 5ಕ್ಕೇ ಕೊಡುವುದು ಒಂದು. ಧ್ವನಿ ಬಹಳ ಚೆನ್ನಾಗಿರುತ್ತದೆ, ಆದರೆ ಆಗ 11 ಮ್ಯೂಟ್ ಆಗುವುದಿಲ್ಲ, ಸಿಗ್ನಲ್ ಇಲ್ಲದಾಗ ಪೂರ್ತಿ ನಾಯ್ಸ್ ಬರುತ್ತದೆ. ಬೋರ್ಡಿನಲ್ಲಿ ಆಡಿಯೋ ಗೇಟ್ ಇರಬೇಕು, ಅದು ಸಿಗ್ನಲ್ ಬಂದಾಗ ಮಾತ್ರ ತೆರೆಯಬೇಕು. ಇಲ್ಲದಿದ್ದರೆ ಟೇಲ್ ಹೊತ್ತಿನಲ್ಲಿ (ಮಾತು ಮುಗಿದ ಮೇಲೂ ಟ್ರಾನ್ಸ್‌ಮಿಟರ್ ಸ್ವಲ್ಪ ಆನ್ ಇರುವಾಗ) ಎಲ್ಲರ ಕಿವಿಗೆ ಬುಸ್ ಅಂತ ಹೊಡೆಯುತ್ತದೆ. ಎರಡನೇ ದಾರಿ, 11 ಇದ್ದ ಹಾಗೇ ಇರಲಿ, ಟ್ರಾನ್ಸ್‌ಮಿಟರಿನಲ್ಲಿ 5 ಬಿಟ್ಟು 2ನೇ ಪಿನ್, ಅಂದರೆ ಹೊರಗಿನ ಮೈಕ್ ಇನ್‌ಪುಟ್‌ಗೆ ಕೊಡಿ. ಅಲ್ಲಿ ಸೆಟ್ಟೇ ಪ್ರಿ-ಎಂಫಸಿಸ್ ಮಾಡುತ್ತದೆ, ಮೈಕ್ ದಾರಿಯ ಲಿಮಿಟರ್ ಕೂಡ ಕೆಲಸ ಮಾಡುತ್ತದೆ, ಯಾರಾದರೂ ಮೈಕಿಗೆ ಕಿರುಚಿದರೂ ಪಕ್ಕದ ಚಾನಲ್ಲಿಗೆ ಹರಡುವುದಿಲ್ಲ. ಸೆಟ್ ಬಿಚ್ಚುವುದೂ ಬೇಡ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ದೂರದ ಗುಡ್ಡದ ಮೇಲೆ, ಬೇರೆ ಬೇರೆ ಜನ ಹೋಗಿ ನೋಡಿಕೊಳ್ಳುವ ರಿಪೀಟರಿಗೆ ಲಿಮಿಟರ್ ಇರಲೇಬೇಕು.

ಕುಂದಾನಗರಿ_2ಮೀಟರ್
ಎರಡನೇ ದಾರಿ ಹಿಡಿದೆವು. ಸ್ಟಾರ್ ಗ್ರೌಂಡ್ (ಎಲ್ಲ ಮೈನಸ್ ಒಂದೇ ಬೋಲ್ಟಿಗೆ) ಮಾಡಿದೆವು, ಶೀಲ್ಡ್ ಕತ್ತರಿಸಿದೆವು. ಟ್ರಾನ್ಸ್‌ಫಾರ್ಮರ್ ಇನ್ನೂ ಸಿಕ್ಕಿಲ್ಲ, ಆದರೂ ಗುಂಯ್ ಮತ್ತು ಧಪ್ ಎರಡೂ ಹೆಚ್ಚುಕಡಿಮೆ ಹೋಗಿವೆ. ತುಂಬಾ ಖುಷಿ ಆಯಿತು.

ಆದರೆ ಧ್ವನಿ ಈಗ ಉಲ್ಟಾ! ತೀರಾ ತೆಳು, ತಗಡು ಬಡಿದಂತೆ. ಸ, ಶ ಚುಚ್ಚುತ್ತವೆ, ದಪ್ಪ ಧ್ವನಿಯೇ ಇಲ್ಲ. ಪಿನ್ 5 ಬಿಟ್ಟು 2ಕ್ಕೆ ಹಾಕಿದ್ದು ಬಿಟ್ಟರೆ ಬೇರೆ ಏನೂ ಬದಲಿಸಿಲ್ಲ.

ವಿದ್ಯಾಗಿರಿ_ಲ್ಯಾಬ್
ಬೋರ್ಡಿನ ಔಟ್‌ಪುಟ್‌ನಲ್ಲಿ ಸರಣಿಯಲ್ಲಿರುವ ಕೆಪಾಸಿಟರ್ ಎಷ್ಟರದು? ಪಾಟ್ ಆದ ಮೇಲೆ ಆಪ್-ಆಂಪ್ (ಆಂಪ್ಲಿಫೈಯರ್ ಐಸಿ) ಇದೆಯಾ?

ಕುಂದಾನಗರಿ_2ಮೀಟರ್
ಆಪ್-ಆಂಪ್ ಇದೆ, ಅದರ ಔಟ್‌ಪುಟ್‌ನಿಂದ 104 ಅಂತ ಬರೆದ ಕಂದು ಡಿಸ್ಕ್ ಕೆಪಾಸಿಟರ್ ಮೂಲಕ ನೇರ ಹೊರಗೆ.

ವಿದ್ಯಾಗಿರಿ_ಲ್ಯಾಬ್
104 ಅಂದರೆ 0.1 ಮೈಕ್ರೋಫ್ಯಾರಡ್. ಇದೇ ಕಾರಣ. ಕೆಪಾಸಿಟರ್ ಎದುರಿನ ಇನ್‌ಪುಟ್ ಜೊತೆ ಸೇರಿ ತಗ್ಗಿನ ಆವರ್ತನಗಳನ್ನು ಕತ್ತರಿಸುತ್ತದೆ. ಕತ್ತರಿಸುವ ಜಾಗ 1 ಭಾಗಿಸು 2 ಪೈ ಆರ್ ಸಿ. ಎದುರಿನ ಇನ್‌ಪುಟ್ 47 ಕಿಲೋಓಮ್ ಇದ್ದರೆ ಅದು 34 ಹರ್ಟ್ಸ್, ತೊಂದರೆ ಇಲ್ಲ. ಮೈಕ್ ಇನ್‌ಪುಟ್ ಅಷ್ಟು ಎತ್ತರದ್ದಲ್ಲ. 600 ಓಮ್ ಅಂತ ಹಿಡಿದರೆ ಅದೇ ಕೆಪಾಸಿಟರ್ ಸುಮಾರು 2650 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ತಿನ್ನುತ್ತದೆ. ಮನುಷ್ಯರ ಮಾತಿನ ಬಹುಪಾಲು ಅಲ್ಲೇ ಇದೆ! 10 ಮೈಕ್ರೋಫ್ಯಾರಡ್ ಹಾಕಿದರೆ 27 ಹರ್ಟ್ಸ್‌ಗೆ ಇಳಿಯುತ್ತದೆ.

ಎಲೆಕ್ಟ್ರೋಲಿಟಿಕ್ ಹಾಕುವಾಗ ದಿಕ್ಕು ನೋಡಿ. ಮೈಕ್ ಪಿನ್‌ನಲ್ಲಿ ಮೈಕ್‌ಗಾಗಿ ಕೊಡುವ ಡಿಸಿ ಇರುತ್ತದೆ. ನಿಮ್ಮ ಹಳದಿ ಮೀಟರಿನಲ್ಲಿ ಎರಡೂ ಕಡೆ ಡಿಸಿ ಅಳೆದು, ಹೆಚ್ಚು ವೋಲ್ಟೇಜ್ ಇರುವ ಕಡೆ ಪ್ಲಸ್ ಬರಲಿ. ಅದಕ್ಕೆ ಆ ಮೀಟರ್ ಧಾರಾಳ ಸಾಕು. ಆ ಡಿಸಿ ಇರುವುದರಿಂದ ಮುಂದೆ ಟ್ರಾನ್ಸ್‌ಫಾರ್ಮರ್ ಹಾಕಿದಾಗಲೂ ಸೆಟ್ಟಿನ ಕಡೆ ಈ ಕೆಪಾಸಿಟರ್ ಬೇಕೇ ಬೇಕು.

ಕುಂದಾನಗರಿ_2ಮೀಟರ್
10 ಮೈಕ್ರೋಫ್ಯಾರಡ್ ಹಾಕಿದೆವು. ಮೇಡಂ, ಹಿಡಕಲ್ ಸರ್, ಧ್ವನಿ ಈಗ ನೇರ ಮಾತಾಡಿದ ಹಾಗೇ ಇದೆ. ಚಿಕ್ಕೋಡಿ ಕಡೆಯಿಂದ ಬಂದವರ ದನಿಯಲ್ಲೇ ಯಾರು ಅಂತ ಗುರುತು ಹತ್ತುತ್ತದೆ, ಕಾಲ್‌ಸೈನ್ ಹೇಳುವ ಮುಂಚೆ. ಸವದತ್ತಿ ಸವದತ್ತಿಯೇ ಆಗಿದೆ.

ಲೆವೆಲ್ ಎಷ್ಟಿಡಬೇಕು? ಡೀವಿಯೇಶನ್ (ಮಾತಿಗೆ ಆವರ್ತನ ಎಷ್ಟು ಸರಿಯುತ್ತದೆ ಅನ್ನುವುದು) ಅಳೆಯುವ ಮೀಟರ್ ಇಲ್ಲ.

ಹಿಡಕಲ್_ಹಿನ್ನೀರು
ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರಿಗೆ ಹಾಕುವ ಚಿಕ್ಕ ಯುಎಸ್‌ಬಿ ರಿಸೀವರ್) ಇದ್ದರೆ ಸಾಕು. ಹ್ಯಾಂಡಿಯಲ್ಲಿ ಟೋನ್ ಆಫ್ ಮಾಡಿ, ಪವರ್ ಕಡಿಮೆ ಇಟ್ಟು, ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಮೇಲೆ ಕಳಿಸಿ. ಮೊಬೈಲ್ ಆಪ್‌ನಿಂದ 1247 ಹರ್ಟ್ಸ್ ಸೈನ್ ಟೋನ್ ಅದರ ಮೈಕಿಗೆ ಕೊಡಿ. ಡಾಂಗಲ್ಲಿನ ಸ್ಪೆಕ್ಟ್ರಮ್ ಪೂರ್ತಿ ಹಿಗ್ಗಿಸಿ ನಡುವಿನ ಕ್ಯಾರಿಯರ್ (ಮೂಲ ರೇಡಿಯೋ ಅಲೆ) ಗೆರೆಯನ್ನೇ ನೋಡುತ್ತಿರಿ. ಟೋನ್ ಸೊನ್ನೆಯಿಂದ ನಿಧಾನ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಆ ಗೆರೆ ಬುಡಕ್ಕೆ ಬಿದ್ದು ಮಾಯ ಆಗುತ್ತದೆ, ಪಕ್ಕದ ಗೆರೆಗಳು ಮಾತ್ರ ಉಳಿಯುತ್ತವೆ. ಡೀವಿಯೇಶನ್ ಟೋನಿನ 2.405 ಪಟ್ಟು ಆದಾಗ ಮೊದಲ ಸಲ ಹೀಗಾಗುತ್ತದೆ. 1247ಕ್ಕೆ ಅದು 3 ಕಿಲೋಹರ್ಟ್ಸ್, 5 ಕಿಲೋಹರ್ಟ್ಸ್ ಗರಿಷ್ಠದ 60 ಶೇಕಡಾ.

ಈಗ ಟೋನ್ ಹಾಗೇ ಇಟ್ಟು ಅದನ್ನು ರಿಪೀಟರ್ ಇನ್‌ಪುಟ್‌ಗೆ ಕಳಿಸಿ, ಡಾಂಗಲ್ ರಿಪೀಟರ್ ಔಟ್‌ಪುಟ್ ಮೇಲೆ ಇಡಿ. ಅಲ್ಲೂ ಕ್ಯಾರಿಯರ್ ಮಾಯ ಆಗುವವರೆಗೆ ಬೋರ್ಡಿನ ಪಾಟ್ ತಿರುಗಿಸಿ. ಒಳಗೆ 3 ಬಂದರೆ ಹೊರಗೂ 3 ಹೋಗಬೇಕು, ಅಷ್ಟೇ. ರಿಪೀಟರ್ ಕೂಡ ಟೋನ್ ಕಳಿಸುತ್ತಿದ್ದರೆ ಅಷ್ಟು ಹೊತ್ತು ಆಫ್ ಇರಲಿ, ಇಲ್ಲದಿದ್ದರೆ ಗೆರೆಗಳು ಕಲಸಿ ಹೋಗುತ್ತವೆ. ರಿಪೀಟರ್ ಟೋನ್ ಇಲ್ಲದೆ ತೆರೆಯುವುದಿಲ್ಲ ಅಂದರೆ ಆ ಸಮಯಕ್ಕೆ ಬರೀ ಕ್ಯಾರಿಯರ್ ಸ್ಕ್ವೆಲ್ಚಿಗೆ ಹಾಕಿ. ಡಾಂಗಲ್ಲಿಗೆ ಆಂಟೆನಾ ಬೇಡ, ಹತ್ತಿರ ಇದ್ದರೆ ಓವರ್‌ಲೋಡ್ ಆಗಿ ಸುಳ್ಳು ಗೆರೆ ತೋರಿಸುತ್ತದೆ.

ಇಳಕಲ್_ರೋಡ್
ಚರ್ಚೆ ಪೂರ್ತಿ ಓದಿದೆ. ನಮ್ಮಲ್ಲಿ ಬೇರೆ ತರಹ. ಟ್ರಾನ್ಸ್‌ಮಿಟ್ ಆದಾಗ ಗುಂಯ್ ಅಲ್ಲ, ಮಾತೇ ಹರಿದ ಹಾಗೆ ಕರಕರ ಅನ್ನುತ್ತದೆ. ಡಮ್ಮಿ ಲೋಡ್ ಹಾಕಿದರೆ ಸರಿ ಇರುತ್ತದೆ, ಆಂಟೆನಾ ಹಾಕಿದರೆ ಶುರು. ಪವರ್ ಇಳಿಸಿದರೆ ಕಡಿಮೆ ಆಗುತ್ತದೆ. ಗ್ರೌಂಡ್ ಎಲ್ಲ ಸ್ಟಾರ್ ಮಾಡಿಯಾಗಿದೆ. ಸೆಟ್ ಜಿಎಂ300 ಅಲ್ಲ. 

ಹಿಡಕಲ್_ಹಿನ್ನೀರು
ಡಮ್ಮಿ ಲೋಡ್ ಮೇಲೆ ಸರಿ ಇದ್ದರೆ ನಿಮ್ಮದು ಆರ್‌ಎಫ್ ಆಡಿಯೋ ವೈರಿಗೆ ನುಗ್ಗುತ್ತಿರುವುದು, ಇಲ್ಲವೇ ಡ್ಯೂಪ್ಲೆಕ್ಸರ್ ಸಾಲದೆ ರಿಸೀವರ್ ಕಿವುಡಾಗುತ್ತಿರುವುದು. ಎರಡನ್ನೂ ಬೇರೆ ಮಾಡಿ ನೋಡಿ. ಜೋರು ಸಿಗ್ನಲ್ ಬಂದಾಗಲೂ ಕರಕರ ಇದ್ದರೆ ಆಡಿಯೋಗೆ ಆರ್‌ಎಫ್ ಸೇರಿದೆ. ಆಗ ಬೋರ್ಡನ್ನು ಲೋಹದ ಡಬ್ಬಿಯಲ್ಲಿ ಹಾಕಿ, ಒಳಗೆ ಬರುವ ಪ್ರತಿ ವೈರಿಗೂ ಫೆರೈಟ್, ಆಡಿಯೋ ಪಿನ್‌ನಿಂದ ಗ್ರೌಂಡಿಗೆ ಗಿಡ್ಡ ಕಾಲಿನ 1 ನ್ಯಾನೋಫ್ಯಾರಡ್ ಕೆಪಾಸಿಟರ್. ದೂರದ, ಕ್ಷೀಣ ಸಿಗ್ನಲ್‌ಗಳು ಮಾತ್ರ ಹರಿಯುತ್ತಿದ್ದರೆ ಆಡಿಯೋ ವೈರ್ ಬಿಟ್ಟು ಡ್ಯೂಪ್ಲೆಕ್ಸರ್, ಕನೆಕ್ಟರ್ ಮತ್ತು ಕೋಆಕ್ಸ್ ನೋಡಿ.

ಸೆಟ್ ಯಾವ ಮಾಡೆಲ್ ಅಂತ ತಿಳಿಸಿ, ಪಿನ್ ನಂಬರ್ ನೋಡಿ ಹೇಳುತ್ತೇನೆ. ಇಲ್ಲಿ ಬರೆದ ನಂಬರ್‌ಗಳನ್ನು ಬೇರೆ ಸೆಟ್ಟಿಗೆ ಹಾಕಬೇಡಿ. 73 (ಶುಭಾಶಯ).